ನರ್ಸಿಂಗ್ ಬಿಟ್ಟು ಐದು ವರ್ಷವಾದರೆ ಸರ್ಟಿಫಿಕೇಟ್ ರದ್ದಾಗುತ್ತದೆಯೇ? ಮತ್ತೆ ಸೇರುವವರು ಯಾವ ವಾರ್ಡು ನೋಡಬೇಕು?

"ನರ್ಸಿಂಗ್ ಕೆಲಸ ಬಿಟ್ಟು ಐದು ವರ್ಷ ದಾಟಿದರೆ ಸರ್ಟಿಫಿಕೇಟ್ ರದ್ದು, ಮತ್ತೆ ಮೊದಲಿನಿಂದ ಕೋರ್ಸ್ ಮಾಡಬೇಕು." ಈ ಅರ್ಥದ ಫಾರ್ವರ್ಡ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ಕೆಲವದರ ಕೆಳಗೆ ಒಂದು ಫೋನ್ ನಂಬರ್ ಕೂಡ ಇರುತ್ತದೆ, ಗ್ಯಾಪ್ ಸರಿಮಾಡಿಸಿ ಕೊಡುತ್ತೇವೆ ಎಂಬ ಭರವಸೆಯ ಜೊತೆ. ಮದುವೆಯಾಗಿ, ಮಕ್ಕಳಾಗಿ, ಅತ್ತೆ ಮಾವನ ಆರೈಕೆಗೆ ನಿಂತು ಡ್ಯೂಟಿ ಬಿಟ್ಟವರು ಇದನ್ನು ಓದಿ ಸುಮ್ಮನಾಗಿಬಿಡುತ್ತಾರೆ. "ನನ್ನ ಕಾಲ ಮುಗೀತು" ಎಂದು ಬೀರುವಿನ ಅಡಿಯ ಫೈಲು ಮತ್ತೆ ತೆಗೆಯುವುದೇ ಇಲ್ಲ.

ಮೊದಲು ನೇರ ಉತ್ತರ ಹೇಳಿಬಿಡುತ್ತೇವೆ. ನೀವು ಪಾಸು ಮಾಡಿದ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್‌ಗೆ ಎಕ್ಸ್‌ಪೈರಿ ದಿನಾಂಕ ಇಲ್ಲ. ಅದು ಓದಿದ ಓದು. ಆದರೆ ಕೆಲಸ ಮಾಡಲು ಬೇಕಾದದ್ದು ಓದು ಮಾತ್ರವಲ್ಲ, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನ ರಿಜಿಸ್ಟರಿನಲ್ಲಿ ಚಾಲ್ತಿಯಲ್ಲಿರುವ ಹೆಸರು. ಇದನ್ನು ಆಗಾಗ ರಿನ್ಯೂ ಮಾಡಿಸಬೇಕು. ಡ್ರೈವಿಂಗ್ ಕಲಿತಿರುವುದು ಬೇರೆ, ಲೈಸೆನ್ಸ್ ಚಾಲ್ತಿಯಲ್ಲಿರುವುದು ಬೇರೆ ಅಲ್ಲವೇ, ಹಾಗೆ. ಲೈಸೆನ್ಸ್ ಅವಧಿ ಮುಗಿದರೆ ಅದನ್ನು ಸರಿಪಡಿಸಿಕೊಳ್ಳಬೇಕು. ಎಸ್‌ಎಸ್‌ಎಲ್‌ಸಿಯಿಂದ ಮತ್ತೆ ಓದಬೇಕಾಗಿಲ್ಲ.

ಹಾಗಾದರೆ ಈ "ಐದು" ಎಲ್ಲಿಂದ ಬಂತು? ನಮ್ಮ ಊಹೆ ಹೀಗಿದೆ: ಮೂರು ಬೇರೆ ಬೇರೆ ನಿಜಗಳು ಕಲಸಿಹೋಗಿ ಒಂದು ಸುಳ್ಳಾಗಿದೆ. ಐದು ವರ್ಷಕ್ಕೊಮ್ಮೆ ರಿನ್ಯೂವಲ್, ಆ ಅವಧಿಯಲ್ಲಿ 150 ಗಂಟೆಗಳ ಮುಂದುವರಿದ ಶಿಕ್ಷಣ ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹಾಕಿಕೊಟ್ಟ ಲೆಕ್ಕ. ಎರಡನೆಯದು ಪರದೇಶದ್ದು. ಬ್ರಿಟನ್‌ನಲ್ಲಿ ಮೂರು ವರ್ಷಕ್ಕೊಮ್ಮೆ ನರ್ಸ್‌ಗಳು 450 ಗಂಟೆ ಕೆಲಸ ಮತ್ತು 35 ಗಂಟೆ ಕಲಿಕೆಯ ಲೆಕ್ಕ ತೋರಿಸಬೇಕು; ತೋರಿಸಲಾಗದವರು ಮರಳಿ ಬರುವವರಿಗೆಂದೇ ಇರುವ ಕೋರ್ಸ್ ಮಾಡಬೇಕು ಅಥವಾ ಪರೀಕ್ಷೆ ಬರೆಯಬೇಕು. ಅಲ್ಲಿರುವ ನಮ್ಮವರು ಊರಿನ ಗುಂಪಿಗೆ ಇದನ್ನು ಕಳಿಸಿದಾಗ "ಬ್ರಿಟನ್‌ನಲ್ಲಿ" ಎಂಬ ಪದ ಎಲ್ಲೋ ದಾರಿಯಲ್ಲಿ ಬಿದ್ದುಹೋಗುತ್ತದೆ. ಮೂರನೆಯದು ಆಸ್ಪತ್ರೆಗಳು ತಾವೇ ಹಾಕುವ ಷರತ್ತು. "ಇತ್ತೀಚಿನ ಎರಡು ವರ್ಷ ಅನುಭವ ಬೇಕು" ಎಂಬ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಅದು ಆ ಆಸ್ಪತ್ರೆಯ ಇಷ್ಟ, ಕಾನೂನಲ್ಲ.

ಆದ್ದರಿಂದ ಮೊದಲ ಕೆಲಸ ನಿಮ್ಮ ಹೆಸರಿನ ಸ್ಥಿತಿ ನೋಡುವುದು. ಕರ್ನಾಟಕದಲ್ಲಿ ನೋಂದಾಯಿಸಿದವರು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲೇ ವಿಚಾರಿಸಿ. ತಡವಾದದ್ದಕ್ಕೆ ಶುಲ್ಕ ಎಷ್ಟು, ಕಲಿಕೆಯ ಗಂಟೆಗಳನ್ನು ಹೇಗೆ ತುಂಬಿಸಬೇಕು ಎಂಬುದನ್ನು ಹೇಳುವ ಅಧಿಕಾರ ಅವರಿಗೇ ಇರುವುದು. ನೀವು ಹೋದ ಮೇಲೆ ಬಂದಿರುವ ಇನ್ನೊಂದು ವಿಷಯವೆಂದರೆ ದೇಶದ ಎಲ್ಲ ನರ್ಸ್‌ಗಳನ್ನು ಒಂದೇ ಆನ್‌ಲೈನ್ ರಿಜಿಸ್ಟರಿಗೆ ಸೇರಿಸಿ ಪ್ರತಿಯೊಬ್ಬರಿಗೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಕೊಡುವ ವ್ಯವಸ್ಥೆ. ಹಳೆಯ ಸರ್ಟಿಫಿಕೇಟ್ ಮಾತ್ರ ಇರುವವರಿಗೆ ಈ ಸಂಖ್ಯೆ ಇರುವುದಿಲ್ಲ, ಮಾಡಿಸಿಕೊಳ್ಳಬೇಕು. ಕೇರಳದಿಂದ ಬಂದು ಇಲ್ಲಿ ಓದಿದವರು, ಇಲ್ಲಿ ಓದಿ ಮದುವೆಯಾಗಿ ಬೇರೆ ರಾಜ್ಯಕ್ಕೆ ಹೋದವರು ಈಗಿರುವ ರಾಜ್ಯದ ಕೌನ್ಸಿಲ್‌ಗೆ ನೋಂದಣಿ ಬದಲಿಸಿಕೊಳ್ಳಬೇಕಾಗುತ್ತದೆ. ಇನ್ನು, 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ಹೊಸ ಆಯೋಗ ತರುವ ಕಾನೂನಿಗೆ 2023ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಹಾಗಾಗಿ ನಿಯಮಗಳ ಬಗ್ಗೆ ಹಳೆಯ ಫಾರ್ವರ್ಡ್ ನಂಬುವುದಕ್ಕಿಂತ ಕೌನ್ಸಿಲ್‌ನ ಇವತ್ತಿನ ಸೂಚನೆ ಓದುವುದೇ ಲೇಸು.

ಕಾಗದದ ಮಾತು ಇಷ್ಟು. ನಿಜವಾದ ಭಯ ಕಾಗದದ್ದಲ್ಲ, ಕೈಯದ್ದು ಎಂಬುದು ನಮಗೂ ಗೊತ್ತು.

ಕೈ ಮರೆಯುವುದು ಏನನ್ನು, ಉಳಿಸಿಕೊಳ್ಳುವುದು ಏನನ್ನು

"ಹತ್ತು ವರ್ಷ ಆಯ್ತು, ಈಗ ಡ್ರಿಪ್ ಹಾಕೋಕೆ ಕೈ ನಡುಗುತ್ತೆ." ಇದು ಸಹಜ. ಆದರೆ ಮರೆವು ಎಲ್ಲವನ್ನೂ ಒಂದೇ ವೇಗದಲ್ಲಿ ಅಳಿಸುವುದಿಲ್ಲ. ಸೈಕಲ್ ಹೊಡೆಯುವುದು, ಈಜುವುದು ಮುಂತಾದ ದೇಹಕ್ಕೆ ಅಂಟಿದ ಕೌಶಲಗಳು ಬಹುಕಾಲ ಉಳಿಯುತ್ತವೆ. ಇದಾದ ಮೇಲೆ ಅದು, ಅದಾದ ಮೇಲೆ ಇನ್ನೊಂದು ಎಂದು ಹತ್ತು ಹದಿನೈದು ಹೆಜ್ಜೆಗಳನ್ನು ಸರಿಯಾದ ಕ್ರಮದಲ್ಲಿ ನೆನಪಿಡಬೇಕಾದ ಕೆಲಸಗಳು ಬೇಗ ಮಾಸುತ್ತವೆ. ಇದನ್ನು ವಾರ್ಡಿಗೆ ತಂದರೆ ಹೀಗಾಗುತ್ತದೆ: ನಾಡಿ ಹಿಡಿಯುವುದು, ಮಗುವಿನ ಎದೆ ಒಳಗೆ ಎಳೆಯುವುದನ್ನು ಕಂಡೊಡನೆ ಗುರುತಿಸುವುದು, ಹಾಸಿಗೆ ಹಿಡಿದವರನ್ನು ಮಗ್ಗುಲಿಗೆ ಹೊರಳಿಸುವುದು ನಿಮ್ಮನ್ನು ಬಿಟ್ಟು ಹೋಗಿರುವುದಿಲ್ಲ. ರಕ್ತ ಕೊಡುವಾಗಿನ ತಪಾಸಣೆಯ ಕ್ರಮ, ಡಿಫಿಬ್ರಿಲೇಟರ್ ಚಾಲೂ ಮಾಡುವ ಹೆಜ್ಜೆಗಳು ಹೋಗಿರುತ್ತವೆ. ಕ್ಯಾನುಲಾ ಇವೆರಡರ ನಡುವೆ ಎಲ್ಲೋ ಇದೆ. ರಕ್ತನಾಳ ಹುಡುಕುವ ಬೆರಳಿನ ಸ್ಪರ್ಶ ಕೆಲವೇ ದಿನಗಳ ಅಭ್ಯಾಸದಲ್ಲಿ ಮರಳುತ್ತದೆ.

ಇಲ್ಲಿ ಒಂದು ಸಮಾಧಾನದ ವಿಷಯವಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಪೂರ್ತಿ ಮರೆತೆವು ಎಂದುಕೊಂಡದ್ದನ್ನು ಎರಡನೇ ಸಲ ಕಲಿಯಲು ಮೊದಲ ಸಲಕ್ಕಿಂತ ಕಡಿಮೆ ಸಮಯ ಸಾಕು. ಅಂದರೆ ಮರೆತ ಮೇಲೂ ತಲೆಯಲ್ಲಿ ಏನೋ ಉಳಿದಿರುತ್ತದೆ. ಇನ್ನೊಂದು ವಿಷಯ ಕೆಲಸದಲ್ಲಿರುವವರಿಗೂ ಅನ್ವಯಿಸುತ್ತದೆ. ಸಿಪಿಆರ್ ತರಬೇತಿ ಪಡೆದವರ ಕೌಶಲ ಮೂರರಿಂದ ಆರು ತಿಂಗಳಲ್ಲೇ ಇಳಿಯಲು ಶುರುವಾಗುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು. ದಿನಾ ಡ್ಯೂಟಿಗೆ ಬರುವ, ಆದರೆ ವರ್ಷದಿಂದ ಸಿಪಿಆರ್ ಮಾಡದ ಸಿಸ್ಟರ್ ಮತ್ತು ಹತ್ತು ವರ್ಷ ಮನೆಯಲ್ಲಿದ್ದು ಹೋದ ವಾರ ತರಬೇತಿ ಪಡೆದ ಸಿಸ್ಟರ್, ಇಬ್ಬರಲ್ಲಿ ಯಾರ ಕೈ ಚುರುಕು ಎಂದು ಕೇಳಿದರೆ ಉತ್ತರ ನೀವು ಅಂದುಕೊಂಡಷ್ಟು ಸುಲಭವಲ್ಲ.

ಮರೆತದ್ದಕ್ಕಿಂತ ಹೆಚ್ಚು ಅಪಾಯಕಾರಿ, ಚೆನ್ನಾಗಿ ನೆನಪಿರುವ ಹಳೆಯ ಪಾಠ

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಒಬ್ಬರು 2008ರಲ್ಲಿ ಜಿಎನ್‌ಎಂ ಮುಗಿಸಿ, ಮೂರು ವರ್ಷ ದುಡಿದು, 2011ರಲ್ಲಿ ಬಿಟ್ಟವರು. ಈಗ ಮರಳುತ್ತಿದ್ದಾರೆ. ಅವರಿಗೆ ಕಲಿಸಿದ ಸಿಪಿಆರ್‌ನಲ್ಲಿ ಮೊದಲು ಉಸಿರಿನ ದಾರಿ, ಆಮೇಲೆ ಉಸಿರು, ಕೊನೆಗೆ ಎದೆ ಒತ್ತುವುದು. 2010ರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಇದನ್ನು ತಿರುಗಿಸಿದವು. ಹೃದಯ ನಿಂತ ದೊಡ್ಡವರಿಗೆ ಮೊದಲು ಎದೆ ಒತ್ತಬೇಕು. 2015ರಲ್ಲಿ ಲೆಕ್ಕ ಇನ್ನೂ ಬಿಗಿಯಾಯಿತು: ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂ.ಮೀ. ಆಳ, 6 ಮೀರಬಾರದು. ಆದರೆ ಹುಟ್ಟಿದ ಕೂಸಿಗೆ ಇವತ್ತಿಗೂ ಉಸಿರೇ ಮೊದಲು. ಹೆರಿಗೆ ವಾರ್ಡಿನಲ್ಲಿ ಕೂಸು ಮಲ ಕಲೆತ ನೀರಿನಲ್ಲಿ ಹುಟ್ಟಿ ಮಂಕಾಗಿದ್ದರೆ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ಹೀರುವುದನ್ನು ಆಗ ವಾಡಿಕೆಯಂತೆ ಮಾಡುತ್ತಿದ್ದರು. 2015ರಿಂದ ಅದನ್ನು ವಾಡಿಕೆಯಾಗಿ ಮಾಡಬೇಡಿ ಎನ್ನಲಾಗಿದೆ. ಏಕೆಂದರೆ ಹೀರುತ್ತಾ ಕೂತರೆ ಉಸಿರು ಕೊಡುವುದು ತಡವಾಗುತ್ತದೆ.

ಲಸಿಕೆಯ ಪಟ್ಟಿಯೂ ಹಳೆಯದಲ್ಲ. ಪೋಲಿಯೊ ಹನಿಯಲ್ಲಿ ಮೂರು ಬಗೆಯ ವೈರಸ್ ಇತ್ತು, 2016ರ ಏಪ್ರಿಲ್‌ನಿಂದ ಎರಡೇ. ಜೊತೆಗೆ ಚುಚ್ಚುಮದ್ದಿನ ಪೋಲಿಯೊ ಲಸಿಕೆ ಸೇರಿತು. ಪೆಂಟಾವೇಲೆಂಟ್ ಬಂತು, ರೋಟಾವೈರಸ್ ಬಂತು. 2017ರ ಫೆಬ್ರುವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಸೇರಿದ ಲಸಿಕೆಯ ಅಭಿಯಾನ ದೇಶದಲ್ಲಿ ಮೊದಲು ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಕಸದ ಬುಟ್ಟಿಯಂಥ ಸಣ್ಣ ವಿಷಯ ನೋಡಿ. 1998ರ ನಿಯಮದಲ್ಲಿ ಕಪ್ಪು ಚೀಲವಿತ್ತು, ಅವಧಿ ಮೀರಿದ ಔಷಧ ಅದಕ್ಕೆ ಹೋಗುತ್ತಿತ್ತು. 2016ರ ನಿಯಮದಲ್ಲಿ ವೈದ್ಯಕೀಯ ತ್ಯಾಜ್ಯದ ಪಟ್ಟಿಯಿಂದ ಕಪ್ಪು ಹೋಯಿತು. ಅವಧಿ ಮೀರಿದ ಔಷಧ ಈಗ ಹಳದಿಗೆ, ಡ್ರಿಪ್ ಸೆಟ್ ಮತ್ತು ಕೈಗವಸು ಕೆಂಪಿಗೆ, ಗಾಜಿನ ಬಾಟಲಿ ನೀಲಿಗೆ, ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ತಪ್ಪಿದರೆ ಕಸ ಆಯುವವರ ಕೈಗೆ ಸೂಜಿ ಚುಚ್ಚುತ್ತದೆ. ನಿಮ್ಮ ಕೈಗೂ ಚುಚ್ಚಬಹುದು; ಸೇರುವ ಮುಂಚೆ ನಿಮ್ಮ ಹೆಪಟೈಟಿಸ್ ಬಿ ಲಸಿಕೆ ಪೂರ್ತಿಯಾಗಿದೆಯೇ ಎಂದು ನೋಡಿಕೊಳ್ಳಿ.

ಇನ್ಸುಲಿನ್ ವಿಷಯವನ್ನು ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರೂ ಓದಲಿ. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ವೈಯಲ್ ಇದೆ, 100 ಯೂನಿಟ್ ಇರುವುದೂ ಇದೆ. ಎರಡಕ್ಕೂ ಬೇರೆ ಬೇರೆ ಸಿರಿಂಜ್: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ನೂರರ ಇನ್ಸುಲಿನ್ ಅನ್ನು ನಲವತ್ತರ ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ಅದು ಅರ್ಧ ಮಿಲಿಲೀಟರ್, ಅಂದರೆ 50 ಯೂನಿಟ್. ಬೇಕಾದದ್ದರ ಎರಡೂವರೆ ಪಟ್ಟು. ಸಕ್ಕರೆ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು. ಕೈ ಎಷ್ಟೇ ನುರಿತದ್ದಾಗಿರಲಿ, ಇಲ್ಲಿ ಕಣ್ಣು ಲೇಬಲ್ ಓದಲೇಬೇಕು.

ಇಷ್ಟನ್ನು ಬರೆದದ್ದು ಹೆದರಿಸುವುದಕ್ಕಲ್ಲ. ಇವು ಯಾವುವೂ ಮೂರು ವರ್ಷದ ಕೋರ್ಸ್ ಬೇಡುವುದಿಲ್ಲ, ಕೆಲವು ವಾರಗಳ ಓದು ಮತ್ತು ಒಂದೆರಡು ಕಾರ್ಯಾಗಾರ ಸಾಕು. ಆದರೆ ಓದಲೇಬೇಕು. ಧೈರ್ಯದ ಕೊರತೆಯನ್ನು ಇನ್‌ಚಾರ್ಜ್ ಸಿಸ್ಟರ್ ಕಂಡುಹಿಡಿಯುತ್ತಾರೆ. ಧೈರ್ಯವಾಗಿ ಮಾಡಿದ ಹಳೆಯ ಪದ್ಧತಿಯನ್ನು ರೋಗಿಯ ದೇಹ ಕಂಡುಹಿಡಿಯುತ್ತದೆ.

ಹಾಗಾದರೆ ಯಾವ ವಾರ್ಡು?

"ನಾನು ಮರಳಬಹುದೇ" ಎಂಬ ಪ್ರಶ್ನೆಗಿಂತ "ಯಾವ ವಾರ್ಡಿಗೆ ಮರಳಲಿ" ಎಂಬುದು ನಮಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ. ಪೆಟ್ರಿಷಿಯಾ ಬೆನ್ನರ್ ಎಂಬ ನರ್ಸಿಂಗ್ ವಿದ್ವಾಂಸೆ 1984ರ ಪುಸ್ತಕವೊಂದರಲ್ಲಿ, ನರ್ಸ್ ಹೊಸಬಳಿಂದ ನಿಪುಣೆಯಾಗುವವರೆಗೆ ಐದು ಹಂತಗಳನ್ನು ಗುರುತಿಸಿದರು. ಅದರಲ್ಲಿ ಜನ ಹೆಚ್ಚು ಗಮನಿಸದ ಒಂದು ಮಾತಿದೆ. ತನಗೆ ಪರಿಚಯವೇ ಇಲ್ಲದ ಬಗೆಯ ರೋಗಿಗಳ ನಡುವೆ ಬಂದರೆ ಅನುಭವಿ ನರ್ಸ್ ಕೂಡ ಮತ್ತೆ ಹೊಸಬಳೇ. ಅಂದರೆ ಅನುಭವ ಎನ್ನುವುದು ಎಲ್ಲಿ ಬೇಕಾದರೂ ನಡೆಯುವ ನೋಟಲ್ಲ, ಆಯಾ ವಾರ್ಡಿನಲ್ಲಿ ಮಾತ್ರ ಪೂರ್ತಿ ಬೆಲೆ ಸಿಗುವ ಟೋಕನ್. ಇಪ್ಪತ್ತು ವರ್ಷ ಹೆರಿಗೆ ವಾರ್ಡಿನಲ್ಲಿದ್ದವರು ಹೃದಯದ ಐಸಿಯುಗೆ ಹೋದರೆ, ನಡುವೆ ಒಂದು ದಿನವೂ ಗ್ಯಾಪ್ ಇಲ್ಲದಿದ್ದರೂ, ಮೊದಲ ತಿಂಗಳು ತಡವರಿಸುತ್ತಾರೆ. ಹತ್ತು ವರ್ಷ ಬಿಟ್ಟು ತಮ್ಮದೇ ಮಕ್ಕಳ ವಾರ್ಡಿಗೆ ಮರಳಿದವರು ಅಷ್ಟು ತಡವರಿಸದಿರಬಹುದು.

ಆದ್ದರಿಂದ "ಐಸಿಯುನಲ್ಲಿ ಸಂಬಳ ಜಾಸ್ತಿ, ನೇರ ಅಲ್ಲಿಗೇ ಹೋಗಿ" ಎಂಬ ಸಲಹೆಯನ್ನು ಎಲ್ಲರಿಗೂ ಕೊಡುವುದು ತಪ್ಪು. ಹಿಂದೆ ಐಸಿಯುನಲ್ಲೇ ಇದ್ದವರಿಗೆ ಅದು ಸರಿಯಿರಬಹುದು. ಅವರು ಕೂಡ ಕೆಲವು ವಾರ ಐಸಿಯುಗಿಂತ ಒಂದು ಮೆಟ್ಟಿಲು ಕೆಳಗಿನ ವಾರ್ಡಿನಲ್ಲಿ ಕಳೆದರೆ ಒಳ್ಳೆಯದು. ಎಂದೂ ಐಸಿಯು ನೋಡದವರಿಗೆ ಗ್ಯಾಪ್ ಒಂದು ಹೊರೆ, ಹೊಸ ವಿಭಾಗ ಇನ್ನೊಂದು ಹೊರೆ. ಎರಡನ್ನೂ ಒಟ್ಟಿಗೆ ಹೊರಬೇಡಿ.

ಡಯಾಲಿಸಿಸ್ ಘಟಕವನ್ನು ಮರಳುವವರು ಗಂಭೀರವಾಗಿ ನೋಡಬೇಕು ಎಂಬುದು ನಮ್ಮ ಅಭಿಪ್ರಾಯ. ಅದೇ ರೋಗಿಗಳು ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಬರುತ್ತಾರೆ. ಅದೇ ಯಂತ್ರ, ಅದೇ ಕ್ರಮ. ದಿನಕ್ಕೆ ಹಲವು ಸಲ ಒಂದೇ ಹೆಜ್ಜೆಗಳನ್ನು ಹಾಕುವುದರಿಂದ, ಬೇಗ ಮಾಸುವ ಆ "ಕ್ರಮ" ಬೇಗ ಕೈಗೆ ಕೂರುತ್ತದೆ. ರೋಗಿಯ ಮುಖ ನೋಡಿದೊಡನೆ "ಇವತ್ತು ಇವರ ಬಿಪಿ ಇಳಿಯುತ್ತೆ" ಎಂದು ಹೇಳುವಷ್ಟು ಪರಿಚಯವೂ ಆಗುತ್ತದೆ. ಆದರೆ ಬೇಜಾರಾಗುವ ಸ್ವಭಾವದವರಿಗೆ ಇದು ಆಗಿಬರುವುದಿಲ್ಲ. ಕ್ಯಾನ್ಸರ್ ಡೇ ಕೇರ್ ಕೂಡ ಹಗಲಿನ ಕೆಲಸ, ಬರಹದಲ್ಲಿರುವ ಕ್ರಮದಂತೆಯೇ ನಡೆಯುವಂಥದ್ದು. ಅಲ್ಲಿ ಕೆಲವು ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವೇ ಸುಟ್ಟಂತಾಗುತ್ತದೆ, ಹಾಗಾಗಿ ಕ್ಯಾನುಲಾದಲ್ಲಿ ಕೈ ಪಳಗಿದ ಮೇಲೆ ಹೋಗಿ. ಹಾಲೂಡಿಸುವ ತಾಯಂದಿರು ಆ ಔಷಧಗಳನ್ನು ಮುಟ್ಟದಿರುವುದೇ ಒಳ್ಳೆಯದು ಎಂಬುದನ್ನು ಸಂದರ್ಶನದಲ್ಲೇ ಹೇಳಿ.

ಮನೆಯಲ್ಲಿ ಕಳೆದ ವರ್ಷಗಳು ನಷ್ಟವಲ್ಲ, ಅನುಭವವಾಗಿಯೇ ಲೆಕ್ಕಕ್ಕೆ ಬರುವ ವಿಭಾಗಗಳೂ ಇವೆ. ಹಾಸಿಗೆ ಹಿಡಿದ ಮಾವನಿಗೆ ಎರಡು ವರ್ಷ ಊಟ ಮಾಡಿಸಿ, ಹುಣ್ಣಾಗದಂತೆ ನೋಡಿಕೊಂಡ ಸೊಸೆ ನರ್ಸ್ ಆಗಿದ್ದರೆ, ಉಪಶಾಮಕ ಆರೈಕೆಯಲ್ಲಿ ಆಕೆಗೆ ಗೊತ್ತಿರುವುದು ಇಪ್ಪತ್ತೆರಡರ ಹುಡುಗಿಗೆ ಗೊತ್ತಿರುವುದಿಲ್ಲ. ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಈ ವಿಭಾಗದಲ್ಲೂ ಬದಲಾವಣೆ ಆಗಿದೆ. 2014ರ ತಿದ್ದುಪಡಿಯಿಂದ ಆಸ್ಪತ್ರೆಗಳಿಗೆ ಮಾರ್ಫಿನ್ ಪಡೆಯಲು ಹಲವು ಲೈಸೆನ್ಸ್‌ಗಳ ಗೋಜಲು ಕಡಿಮೆಯಾಗಿದೆ. ಬೆಂಗಳೂರಿನ ಕರುಣಾಶ್ರಯದಂಥ ಜಾಗಗಳಲ್ಲಿ ಈ ಕೆಲಸ ಹೇಗೆ ನಡೆಯುತ್ತದೆಂದು ತಿಳಿಯಬಹುದು. ಮಾನಸಿಕ ಆರೋಗ್ಯವೂ ಹೀಗೆಯೇ. ಮಾತಾಡಿಸಲು, ಕೇಳಿಸಿಕೊಳ್ಳಲು ವಯಸ್ಸು ನೆರವಾಗುತ್ತದೆ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಓದದೆ ಆ ವಾರ್ಡಿಗೆ ಕಾಲಿಡಬೇಡಿ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು, ಅರಿವಳಿಕೆ ಇಲ್ಲದೆ ಶಾಕ್ ಕೊಡುವುದು ಈಗ ನಿಷಿದ್ಧ. ಈ ವಿಭಾಗದಲ್ಲೇ ನೆಲೆ ನಿಲ್ಲುವ ಮನಸ್ಸಿದ್ದರೆ ನಿಮ್ಹಾನ್ಸ್‌ನಲ್ಲಿ ಡಿಪ್ಲೊಮಾ ಇದೆ. ಐಸಿಯು, ಆಂಕಾಲಜಿ, ಆಪರೇಷನ್ ಥಿಯೇಟರ್, ನವಜಾತ ಶಿಶು, ವೃದ್ಧರ ಆರೈಕೆ ಮುಂತಾದವಕ್ಕೂ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ. ಆದರೆ ಮರಳಿದ ತಕ್ಷಣ ಡಿಪ್ಲೊಮಾಗೆ ದುಡ್ಡು ಕಟ್ಟಬೇಡಿ. ಆರು ತಿಂಗಳು ಆ ವಾರ್ಡಿನ ಗಾಳಿ ಕುಡಿದು ಆಮೇಲೆ ತೀರ್ಮಾನಿಸಿ.

ನೈಟ್ ಡ್ಯೂಟಿ ಸಾಧ್ಯವೇ ಇಲ್ಲ ಎನ್ನುವವರಿಗೆ 2022ರ ಡಿಸೆಂಬರ್‌ನಲ್ಲಿ ಶುರುವಾದ ನಮ್ಮ ಕ್ಲಿನಿಕ್‌ಗಳಲ್ಲಿ ಒಬ್ಬ ನರ್ಸ್ ಹುದ್ದೆ ಇರುತ್ತದೆ. ಆರು ತಿಂಗಳ ಸಮುದಾಯ ಆರೋಗ್ಯ ಕೋರ್ಸ್ ಮಾಡಿದವರಿಗೆ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗಳಿವೆ. ಸರ್ಕಾರಿ ಯೋಜನೆಯ ಹುದ್ದೆಗಳಿಗೆ ವಯೋಮಿತಿ ಇರುತ್ತದೆ, ಪ್ರಕಟಣೆ ಓದಿಯೇ ಅರ್ಜಿ ಹಾಕಿ. ಸೊಂಟ ನೋವಿದ್ದವರು ಮೂಳೆ ವಾರ್ಡು, ನರರೋಗ ವಾರ್ಡುಗಳಲ್ಲಿ ರೋಗಿಗಳನ್ನು ಎತ್ತಿ ಇಳಿಸುವುದು ಎಷ್ಟಿರುತ್ತದೆ ಎಂದು ಮೊದಲೇ ಕೇಳಿ.

ಗ್ಯಾಪ್ ಮುಚ್ಚಿಡುವ ಬಗ್ಗೆ

ಆ ಫಾರ್ವರ್ಡ್‌ನ ಕೆಳಗಿನ ಫೋನ್ ನಂಬರಿಗೆ ಬರೋಣ. "ಗ್ಯಾಪ್ ಪರಿಹಾರ" ಎಂದು ಅವರು ಮಾರುವುದು ಹಲವು ಸಲ ಸುಳ್ಳು ಅನುಭವ ಪತ್ರ. ಅದು ಅಪರಾಧ ಎಂಬುದು ಸರಿ. ಗಲ್ಫ್‌ಗೆ ಹೋಗುವವರ ದಾಖಲೆಗಳನ್ನು ಕೊಟ್ಟ ಸಂಸ್ಥೆಯನ್ನೇ ಕೇಳಿ ತಾಳೆ ನೋಡುವ ಪದ್ಧತಿ ಇರುವುದರಿಂದ ಸಿಕ್ಕಿಬೀಳುವ ಸಂಭವವೂ ಹೆಚ್ಚು. ಆದರೆ ಸಿಕ್ಕಿಬೀಳದಿದ್ದರೆ ಆಗುವುದು ಇನ್ನೂ ಕೆಟ್ಟದ್ದು. "ಐದು ವರ್ಷ ಐಸಿಯು ಅನುಭವ" ಎಂಬ ಕಾಗದ ನಂಬಿದ ಆಸ್ಪತ್ರೆ ಮೊದಲ ವಾರವೇ ನಿಮ್ಮನ್ನು ನೈಟ್ ಡ್ಯೂಟಿಯಲ್ಲಿ ವೆಂಟಿಲೇಟರ್ ಮುಂದೆ ಒಬ್ಬರನ್ನೇ ನಿಲ್ಲಿಸುತ್ತದೆ. ಅಲಾರಂ ಹೊಡೆದುಕೊಳ್ಳುತ್ತದೆ. ಯಾಕೆಂದು ನಿಮಗೆ ಗೊತ್ತಿಲ್ಲ, ಕೇಳುವಂತೆಯೂ ಇಲ್ಲ. ಮಂಚದ ಮೇಲೆ ಯಾರದೋ ಮನೆಯವರಿದ್ದಾರೆ.

ಬಯೋಡೇಟಾದಲ್ಲಿ ಬಿಟ್ಟ ವರ್ಷ, ಕಾರಣ, ಮರಳಲು ಏನೇನು ತಯಾರಿ ಮಾಡಿಕೊಂಡಿದ್ದೀರಿ ಎಂದು ಮೂರು ಸಾಲು ನೇರವಾಗಿ ಬರೆಯಿರಿ. ಇತ್ತೀಚಿನ ಬಿಎಲ್‌ಎಸ್ ತರಬೇತಿಯ ಕಾರ್ಡು ಇದ್ದರೆ ಸೇರಿಸಿ. ಅದು ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಆಮೇಲೆ ಪ್ರಶ್ನೆ ಕೇಳುವ ಸರದಿ ನಿಮ್ಮದು. ಎಷ್ಟು ವಾರ ಹಿರಿಯ ನರ್ಸ್ ಜೊತೆ ಹಾಕುತ್ತೀರಿ? ಮೊದಲ ತಿಂಗಳು ಎಷ್ಟು ರೋಗಿಗಳನ್ನು ಕೊಡುತ್ತೀರಿ? ಒಂಟಿಯಾಗಿ ನೈಟ್ ಯಾವಾಗಿನಿಂದ? "ಬನ್ನಿ ಸಿಸ್ಟರ್, ಮಾಡ್ತಾ ಮಾಡ್ತಾ ಎಲ್ಲಾ ಬರುತ್ತೆ" ಎಂಬುದಷ್ಟೇ ಉತ್ತರವಾದರೆ ಇನ್ನೊಂದು ಆಸ್ಪತ್ರೆ ನೋಡಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಒಪ್ಪಿದರೆ, ಸೇರುವ ಮುಂಚೆ ಒಂದು ದಿನ ಆ ವಾರ್ಡಿನಲ್ಲಿ ಹ್ಯಾಂಡೋವರ್‌ನಿಂದ ಹ್ಯಾಂಡೋವರ್‌ವರೆಗೆ ಸುಮ್ಮನೆ ನಿಂತು ನೋಡಿ. ಕೇಸ್ ಶೀಟ್ ಇನ್ನೂ ಕಾಗದದಲ್ಲಿದೆಯೋ ಎಲ್ಲವೂ ಕಂಪ್ಯೂಟರಿನಲ್ಲಿದೆಯೋ, ಹೊಸಬರು ಪ್ರಶ್ನೆ ಕೇಳಿದರೆ ಹಿರಿಯರು ಹೇಗೆ ಉತ್ತರಿಸುತ್ತಾರೋ ಅಲ್ಲಿ ಕಾಣುತ್ತದೆ. ಸಂಬಳವನ್ನು ಹೊಸಬರ ದರದಲ್ಲಿ ಶುರುಮಾಡುತ್ತೇವೆ ಎಂದರೆ ಅದನ್ನು ಯಾವ ತಿಂಗಳು ಮರುಪರಿಶೀಲಿಸುತ್ತಾರೆ ಎಂಬುದನ್ನು ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳಿ.